ಹಳೇ ಮಾರುತಿ 800: ಗೇರ್ ಲಿವರ್ ತುಂಬಾ ಲೂಸ್, ಗೇರ್‌ಬಾಕ್ಸ್ ಇಳಿಸಲೇಬೇಕಾ?

ಹೊಸನಗರ_800

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2004ರ ಮಾರುತಿ 800 ಇದೆ, ನಾಲ್ಕು ಗೇರಿನದು. ಅಪ್ಪ ತೆಗೆದುಕೊಂಡ ಗಾಡಿ, ಈಗ ನಾನು ಓಡಿಸುತ್ತಿದ್ದೇನೆ. ಎಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ, ಬಾಡಿಗೂ ಅಂಥ ತುಕ್ಕು ಹಿಡಿದಿಲ್ಲ. ತೊಂದರೆ ಇರೋದೆಲ್ಲ ಗೇರ್ ಲಿವರ್‌ನಲ್ಲಿ.

ನ್ಯೂಟ್ರಲ್‌ನಲ್ಲಿ ಲಿವರ್ ಹಿಡಿದು ಅಲ್ಲಾಡಿಸಿದರೆ ಆಕಡೆ ಈಕಡೆ ಸುಮ್ನೆ ಓಲಾಡುತ್ತದೆ, ಎಲ್ಲೂ ಹಿಡಿತವೇ ಇಲ್ಲ. ಮೂರನೇ ಗೇರ್ ಹಾಕಲು ಹೋದರೆ ಕೆಲವು ಸಲ ಒಂದಕ್ಕೆ ಹೋಗುತ್ತದೆ. ರಿವರ್ಸ್ ಅಂತೂ ಹುಡುಕಿ ಹುಡುಕಿ ಹಾಕಬೇಕು. ಇಷ್ಟಾದರೆ ಹೇಗೋ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ಕುಂದಾಪುರಕ್ಕೆ ಹೋಗುವಾಗ ಹುಲಿಕಲ್ ಘಾಟಿ ಇಳಿಯುತ್ತಿದ್ದೆ, ಎರಡನೇ ಗೇರ್‌ನಲ್ಲಿದ್ದೆ, ಆಕ್ಸಿಲೇಟರ್‌ನಿಂದ ಕಾಲು ತೆಗೆದೆ ಅಷ್ಟೇ, ಗೇರ್ ತಾನಾಗೇ ಔಟ್ ಆಗಿ ನ್ಯೂಟ್ರಲ್‌ಗೆ ಬಂತು. ಪಕ್ಕದಲ್ಲಿ ಅಮ್ಮ, ಹಿಂದೆ ಮಕ್ಕಳು. ಬ್ರೇಕ್ ಮೇಲೇ ಗಾಡಿ ಇಳಿಸಬೇಕಾಯಿತು. ಅವತ್ತಿನಿಂದ ಘಾಟಿ ಕಡೆ ಗಾಡಿ ತೆಗೆದಿಲ್ಲ.

ಒಂದು ಗ್ಯಾರೇಜಿಗೆ ತೋರಿಸಿದೆ. ಅವರು ಗಾಡಿ ಎತ್ತಲೂ ಇಲ್ಲ, ಒಳಗೆ ಕೂತು ಲಿವರ್ ಒಂದು ಸಲ ಅಲ್ಲಾಡಿಸಿ "ಗೇರ್‌ಬಾಕ್ಸ್ ಇಳಿಸಬೇಕು, ಹತ್ತು ಸಾವಿರದ ಮೇಲಾಗುತ್ತೆ, ಆಮೇಲೂ ಗ್ಯಾರಂಟಿ ಹೇಳೋಕಾಗಲ್ಲ" ಅಂದರು. ಇನ್ನೊಬ್ಬರು ಹಳೇ ಗಾಡಿ, ಮಾರಿಬಿಡಿ ಅಂದರು. ಮಾರೋ ಮಾತೇ ಇಲ್ಲ.

ನಿಜವಾಗಲೂ ಬಾಕ್ಸ್ ಹೋಗಿದೆಯಾ, ಅಥವಾ ಬೇರೆ ಏನಾದರೂ ಇರಬಹುದಾ? ಸ್ಪ್ಯಾನರ್ ಹಿಡಿದು ಸಣ್ಣಪುಟ್ಟ ಕೆಲಸ ಮಾಡುವಷ್ಟು ಗೊತ್ತು. ದಯವಿಟ್ಟು ತಿಳಿದವರು ಹೇಳಿ.

ತೀರ್ಥಹಳ್ಳಿ ರೋಡು

ಬಾಕ್ಸ್ ಇಳಿಸೋಕೆ ಈಗಲೇ ಒಪ್ಪಬೇಡಿ ಸರ್. ಗಾಡಿ ಎತ್ತದೆ, ಕೆಳಗೆ ಒಮ್ಮೆಯೂ ಬಗ್ಗಿ ನೋಡದೆ ಗೇರ್‌ಬಾಕ್ಸ್ ಹೋಗಿದೆ ಅನ್ನುವವರ ಕೈಗೆ ಗಾಡಿ ಕೊಡಲೇಬಾರದು. ನೀವು ಹೇಳಿದ್ದನ್ನು ನೋಡಿದರೆ ತೊಂದರೆ ಬಾಕ್ಸಿನ ಹೊರಗೇ ಇರುವ ಹಾಗಿದೆ.

800ರಲ್ಲಿ ಲಿವರ್ ನೇರವಾಗಿ ಬಾಕ್ಸಿನೊಳಗೆ ಇಳಿಯೋದಿಲ್ಲ. ಎಂಜಿನ್, ಗೇರ್‌ಬಾಕ್ಸ್ ಎರಡೂ ಬಾನೆಟ್ ಕೆಳಗೆ ಅಡ್ಡಲಾಗಿ ಕೂತಿವೆ. ಲಿವರ್ ಇರೋದು ಸೀಟುಗಳ ಮಧ್ಯೆ. ಇವೆರಡರ ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಎರಡು ರಾಡ್ ಹೋಗುತ್ತವೆ. ಒಂದು ಶಿಫ್ಟ್ ರಾಡ್, ನಿಮ್ಮ ಕೈ ಮಾಡಿದ್ದನ್ನು ಬಾಕ್ಸಿಗೆ ಮುಟ್ಟಿಸುವುದು. ಅದು ಹಿಂದೆ ಮುಂದೆಯೂ ಹೋಗುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ ಕೂಡ. ಇನ್ನೊಂದು ಎಕ್ಸ್‌ಟೆನ್ಷನ್ ರಾಡ್. ಅದು ಗೇರ್ ಹಾಕೋದಿಲ್ಲ, ಲಿವರಿನ ಬುಡವನ್ನು ಬಾಕ್ಸಿನ ಜೊತೆ ಹಿಡಿದು ನಿಲ್ಲಿಸುತ್ತದೆ ಅಷ್ಟೇ.

ಈ ರಾಡ್‌ಗಳು ಸೇರುವ ಕಡೆಯೆಲ್ಲ ನೈಲಾನ್ ಬುಷ್ ಅಥವಾ ರಬ್ಬರ್ ಬುಷ್, ಅಂದರೆ ತೂತಿನೊಳಗೆ ಕೂರುವ ಸಣ್ಣ ಬಳೆ, ಇರುತ್ತದೆ. ಲಿವರಿನ ಬುಡದ ಗುಂಡು ಕೂರುವ ಸೀಟು ಒಂದು, ಲಿವರಿನ ಕೆಳತುದಿಗೆ ಶಿಫ್ಟ್ ರಾಡ್ ಬೋಲ್ಟ್ ಆಗುವ ಜಾಗ ಒಂದು, ಮುಂದೆ ಬಾಕ್ಸಿನ ಕಡೆಯ ಜಾಯಿಂಟ್ ಒಂದು, ಎಕ್ಸ್‌ಟೆನ್ಷನ್ ರಾಡಿನ ರಬ್ಬರ್ ಒಂದು. ಇಪ್ಪತ್ತು ವರ್ಷದ ಗಾಡಿ. ಕೆಳಗಿಂದ ಮಳೆ ನೀರು, ಕೆಸರು, ಮಣ್ಣು. ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಬಿಸಿ. ಯಾವ ಬುಷ್ ತಡೆಯುತ್ತದೆ ಹೇಳಿ.

ಇನ್ನೊಂದು ಗಮನಿಸಬೇಕಾದ್ದು. ಲಿವರ್ ಆಡುವ ಗುಂಡಿನಿಂದ ಮೇಲಿನ ಭಾಗ ಉದ್ದ, ಕೆಳಗಿನ ಭಾಗ ಗಿಡ್ಡ. ಹಾಗಾಗಿ ಕೆಳಗೆ ಬುಷ್‌ನಲ್ಲಿ ಒಂದೆರಡು ಮಿಲಿಮೀಟರ್ ಸವೆದರೂ ಮೇಲೆ ನಾಬ್ ಹತ್ತಿರ ಅದು ಹಲವು ಪಟ್ಟು ಆಗಿ ಕಾಣುತ್ತದೆ. ನಾಲ್ಕು ಕಡೆಯೂ ಸ್ವಲ್ಪ ಸ್ವಲ್ಪ ಸವೆದಿದ್ದರೆ ಮುಗಿದೇಹೋಯಿತು, ಲಿವರ್ ಓಲಾಡೋಕೆ ಶುರು. ಬಾಕ್ಸಿಗೆ ಏನೂ ಆಗಿರೋದಿಲ್ಲ.

ನೋಡೋದು ಹೇಗೆ ಅಂದರೆ, ಎಂಜಿನ್ ಆಫ್ ಮಾಡಿ, ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ, ಸಮತಟ್ಟಾದ ಜಾಗದಲ್ಲಿ ಗಾಡಿಯ ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಒಳಗೆ ಒಬ್ಬರು ಕೂತು ಲಿವರನ್ನು ನಿಧಾನ ಅಲ್ಲಾಡಿಸಲಿ. ನೀವು ಕೆಳಗಿಂದ ಟಾರ್ಚ್ ಬಿಟ್ಟು ಒಂದೊಂದೇ ಜಾಯಿಂಟ್ ನೋಡಿ. ಲಿವರ್ ತುದಿ ಅಲ್ಲಾಡಿದರೂ ರಾಡ್ ಕದಲದೆ ಇದ್ದರೆ ಹೋಗಿರೋದು ಲಿವರ್ ಕೆಳಗಿನ ಬುಷ್. ರಾಡ್ ಅಲ್ಲಾಡುತ್ತಿದೆ ಆದರೆ ಬಾಕ್ಸಿನಿಂದ ಹೊರಗೆ ಬಂದಿರುವ ಶಾಫ್ಟ್ ಕದಲುತ್ತಿಲ್ಲ ಅಂದರೆ ಮುಂದಿನ ಜಾಯಿಂಟ್. ಬೆರಳನ್ನು ಜಾಯಿಂಟ್ ಮೇಲೇ ಇಟ್ಟು ನೋಡಿ, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಕೊನೆಗೆ ಬಾಕ್ಸಿನ ಶಾಫ್ಟನ್ನೇ ಕೈಯಲ್ಲಿ ಹಿಡಿದು ತಳ್ಳಿ, ಎಳೆದು, ತಿರುಗಿಸಿ ನೋಡಿ. ಅದು ಟಕ್ ಟಕ್ ಅಂತ ಸ್ಪಷ್ಟವಾಗಿ ಜಾಗಕ್ಕೆ ಕೂರುತ್ತಿದ್ದರೆ ಶಿಫ್ಟ್ ಕೆಲಸದ ಮಟ್ಟಿಗೆ ಬಾಕ್ಸ್ ಸರಿಯಿದೆ ಅಂತ ಅರ್ಥ.

ಎರಡನೇ ಗೇರ್ ಔಟ್ ಆಗೋದಕ್ಕೂ ಇದೇ ಕಾರಣ ಇರಬಹುದು. ನೀವು ಲಿವರನ್ನು ಕೊನೆವರೆಗೂ ಎಳೆದಿರುತ್ತೀರಿ, ಆದರೆ ಎಳೆತದ ಅರ್ಧ ಬುಷ್‌ಗಳ ಸಡಿಲದಲ್ಲೇ ಕಳೆದುಹೋಗಿ, ಬಾಕ್ಸಿನೊಳಗೆ ಸ್ಲೀವ್ (ಜಾರಿ ಬಂದು ಗೇರನ್ನು ಹಿಡಿಯುವ ಬಳೆ) ಗೇರಿನ ಹಲ್ಲಿನ ಮೇಲೆ ಅರ್ಧವೇ ಕೂತಿರುತ್ತದೆ. ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟಾಗ ಚಕ್ರವೇ ಎಂಜಿನ್ ತಿರುಗಿಸುತ್ತದಲ್ಲ, ಬಲ ಉಲ್ಟಾ ಆಗುತ್ತದೆ, ಆಗ ಅರ್ಧ ಕೂತಿದ್ದು ಜಾರಿ ಹೊರಗೆ ಬರುತ್ತದೆ. ಇದನ್ನು ಹಾಗೇ ಓಡಿಸಿದರೆ ಆ ಹಲ್ಲುಗಳ ಅಂಚು ದುಂಡಗಾಗುತ್ತದೆ. ಆಗ ಮಾತ್ರ ನಿಜವಾಗಿ ಬಾಕ್ಸ್ ಇಳಿಸಬೇಕಾಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಬುಷ್ ಹಾಕದೆ ಬಿಟ್ಟು ಬಾಕ್ಸ್ ಕಳಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆದೆ.

ಮೈಸೂರು ಸ್ಯಾಂಟ್ರೋ

ನನ್ನ ಹಳೇ ಸ್ಯಾಂಟ್ರೋದಲ್ಲೂ ಇದೇ ಥರ ಆಗಿತ್ತು. ಅದರಲ್ಲಿ ರಾಡ್ ಅಲ್ಲ, ಎರಡು ಕೇಬಲ್ ಬರುತ್ತದೆ. ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿತ್ತು, ಕೇಬಲ್ ಬದಲಿಸಿದ ಮೇಲೆ ಸರಿಹೋಯಿತು. ಯಾವ ಗಾಡಿ ಆದರೂ ಮೊದಲು ಲಿವರಿನಿಂದ ಬಾಕ್ಸಿನವರೆಗೆ ಇರೋದನ್ನ ನೋಡಬೇಕು, ಅದಂತೂ ಖಂಡಿತ.

ನಾಬ್ ಕೂಡ ಒಮ್ಮೆ ತಿರುಗಿಸಿ ನೋಡಿ. ನಾಬಿನ ಥ್ರೆಡ್ ಸವೆದಿದ್ದರೂ ಮೇಲೆ ಆಡುತ್ತದೆ. ಅದಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಸುತ್ತು ಸಾಕು.

ಧಾರವಾಡ ಗ್ಯಾರೇಜ್

ನಾ ಗ್ಯಾರೇಜ್ ನಡೆಸ್ತೀನ್ರಿ, 800 ಬಹಳ ಕೈಯಾಗ ಹಾದು ಹೋಗ್ಯಾವ. ತೀರ್ಥಹಳ್ಳಿಯವರು ಹೇಳಿದ್ದು ಖರೇ ಐತಿ. ಎರಡು ಮಾತು ಸೇರಿಸುತ್ತೇನೆ.

ಒಂದು, ಎಂಜಿನ್ ಮೌಂಟಿಂಗ್ ನೋಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ರಾಡ್ ಇರುವ ಗಾಡಿಯಲ್ಲಿ ಎಂಜಿನ್ ಅಲ್ಲಾಡಿದರೆ ಲಿವರೂ ಅಲ್ಲಾಡುತ್ತದೆ, ಯಾಕಂದರೆ ರಾಡಿನ ಇನ್ನೊಂದು ತುದಿ ಬಾಕ್ಸಿನಲ್ಲೇ ಇದೆ. ಸ್ವಲ್ಪ ಅಲ್ಲಾಡೋದು ಸಹಜ. ಆದರೆ ಆಕ್ಸಿಲೇಟರ್ ಒತ್ತಿದಾಗ ಲಿವರ್ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಜೋರಾಗಿ ಎಗರುತ್ತಿದ್ದರೆ ಮೌಂಟಿಂಗ್ ರಬ್ಬರ್ ಹರಿದಿದೆ. ಬುಷ್ ಎಲ್ಲ ಹೊಸದು ಹಾಕಿದರೂ, ಎಂಜಿನ್ ಹಿಂದೆ ಮುಂದೆ ಹೊರಳುವಾಗ ಬಾಕ್ಸು ರಾಡನ್ನ ಎಳೆದು ಗೇರ್ ಕಿತ್ತುಹಾಕುತ್ತದೆ. ನೋಡೋದು ಸುಲಭ: ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಒಬ್ಬರು ಒಂದನೇ ಗೇರ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ. ಎಂಜಿನ್ ಎಷ್ಟು ಎದ್ದು ಕೂರುತ್ತದೆ ಅಂತ ಪಕ್ಕಕ್ಕೆ ನಿಂತು ನೋಡಿ. ಗಾಡಿ ಮುಂದೆ ಮಾತ್ರ ನಿಲ್ಲಬೇಡ್ರಿ.

ಎರಡು, ದಾರಿ ನಡುವೆ ಆ ಜಾಯಿಂಟ್ ಬೋಲ್ಟೇ ಬಿದ್ದುಹೋದರೆ ಏನು ಮಾಡಬೇಕು ಅಂತ ತಿಳಿದುಕೊಂಡಿರಿ. ನಿಮ್ಮ ಗಾಡಿ ಈಗ ಆ ಹಂತದಲ್ಲಿದೆ ಅನಿಸುತ್ತದೆ. ಬೋಲ್ಟ್ ಬಿದ್ದರೆ ಲಿವರ್ ಎಲ್ಲಿ ತಿರುಗಿಸಿದರೂ ಏನೂ ಆಗಲ್ಲ, ಬಾಕ್ಸು ಯಾವ ಗೇರ್‌ನಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಗಾಬರಿ ಬೇಡ. ರಸ್ತೆ ಬದಿಗೆ ತಂದು, ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಜಾಯಿಂಟ್ ತೂತಿನಲ್ಲಿ ಹಿಡಿಸುವ ಯಾವುದಾದರೂ ಬೋಲ್ಟ್, ಇಲ್ಲ ದಪ್ಪ ತಂತಿ ಹಾಕಿ ಬಿಗಿದು ಮನೆ ಮುಟ್ಟಿಸಬಹುದು. ಡಿಕ್ಕಿಯಲ್ಲಿ ಒಂದು ಬೋಲ್ಟ್, ನಟ್, ಎರಡು ವಾಷರ್, ಒಂದಿಷ್ಟು ತಂತಿ ಇಟ್ಟುಕೊಳ್ಳಿ. ತಂತಿ ಕಟ್ಟಿದ ಗಾಡಿಯನ್ನ ಘಾಟಿಗೆ ಮಾತ್ರ ಒಯ್ಯಬೇಡಿ.

ಸಾಮಾನು ಸಿಗಲ್ಲ ಅನ್ನೋ ಚಿಂತೆ ಬೇಡ. ಈ ಗಾಡಿ 1983ರಿಂದ 2014ರ ಜನವರಿವರೆಗೆ ತಯಾರಾಗಿದೆ, 25 ಲಕ್ಷಕ್ಕೂ ಜಾಸ್ತಿ ಮಾರಾಟ ಆಗಿದೆ. ತಾಲೂಕು ಮಟ್ಟದ ಅಂಗಡಿಯಲ್ಲೂ ಬುಷ್ ಕಿಟ್ ಇರುತ್ತದೆ. ಆದರೆ ಆಮ್ನಿ ಕಿಟ್ ಕೊಟ್ಟರೆ ಬ್ಯಾಡ ಅನ್ರಿ. ಎಂಜಿನ್ ಒಂದೇ ಥರದ್ದು ಅಂತ ಅಂಗಡಿಯವರು ಕೊಟ್ಟುಬಿಡುತ್ತಾರೆ. ಆಮ್ನಿಗೆ ಎಂಜಿನ್ ಸೀಟಿನ ಕೆಳಗೆ, ಹಿಂದಿನ ಚಕ್ರಕ್ಕೆ ಓಟ, ಅದರ ಗೇರ್ ರಾಡ್ ಪೂರಾ ಬೇರೆ. ಹಳೇ ಬುಷ್ ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡು ಹೋಗಿ ಅದಕ್ಕೇ ತಾಳೆ ಹಾಕಿ ತನ್ನಿ.

ಹೊಸನಗರ_800

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಭಾವನನ್ನು ಒಳಗೆ ಕೂರಿಸಿ ಕೆಳಗೆ ಹೋಗಿ ನೋಡಿದೆ. ನೀವು ಹೇಳಿದ ಹಾಗೇ ಇದೆ.

ಲಿವರಿನ ಕೆಳತುದಿಯ ಜಾಯಿಂಟ್‌ನಲ್ಲಿ ಬುಷ್ ಅನ್ನೋದೇ ಇಲ್ಲ. ಬೋಲ್ಟ್ ಬಿಚ್ಚಿದಾಗ ನೈಲಾನಿನ ಒಂದು ಚೂರು, ಗ್ರೀಸ್ ಜೊತೆ ಕಲಸಿದ ಕಪ್ಪು ಪುಡಿ ಬಿತ್ತು. ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಉಗುರು ಆಡಿಸಿದರೆ ಮಧ್ಯದಲ್ಲಿ ಸವೆದು ತೆಳ್ಳಗಾಗಿದೆ, ಎರಡು ಬದಿ ಮಾತ್ರ ಹಳೇ ದಪ್ಪ ಉಳಿದಿದೆ. ನಟ್ ಅಂತೂ ಕೈಯಲ್ಲೇ ತಿರುಗಿತು. ರಾಡಿನ ತುದಿಯ ತೂತು ದುಂಡಗಿಲ್ಲ, ಉದ್ದಕ್ಕೆ ಎಳೆದ ಹಾಗೆ ಆಗಿದೆ. ಮುಂದೆ ಬಾಕ್ಸಿನ ಕಡೆಯ ಜಾಯಿಂಟ್‌ನಲ್ಲಿ ಬುಷ್ ಇದೆ, ಸ್ವಲ್ಪ ಆಡುತ್ತಿದೆ. ಎಕ್ಸ್‌ಟೆನ್ಷನ್ ರಾಡಿನ ರಬ್ಬರ್ ಬಿರುಕು ಬಿಟ್ಟಿದೆ. ಬಾಕ್ಸಿನ ಶಾಫ್ಟ್ ಕೈಯಲ್ಲಿ ತಳ್ಳಿ ನೋಡಿದೆ, ಟಕ್ ಅಂತ ಗಟ್ಟಿಯಾಗಿ ಕೂರುತ್ತಿದೆ. ಆ ಸದ್ದು ಕೇಳಿ ನಿಜಕ್ಕೂ ಸಮಾಧಾನ ಆಯಿತು. ಮೌಂಟಿಂಗ್ ಕೂಡ ನೋಡಿದೆವು, ಎಂಜಿನ್ ಜಾಸ್ತಿ ಏಳುತ್ತಿಲ್ಲ.

ಈಗ ಪ್ರಶ್ನೆ ಇಷ್ಟು. ತೂತು ಮೊಟ್ಟೆ ಆಕಾರಕ್ಕೆ ಬಂದಿರುವಾಗ ಹೊಸ ಬುಷ್ ಹಾಕಿದರೆ ನಿಲ್ಲುತ್ತದಾ? ಇಲ್ಲಿ ಒಬ್ಬರು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ಬಿಗಿದು ಕೊಡುತ್ತೇನೆ, ವರ್ಷಗಟ್ಟಲೆ ಬರುತ್ತೆ ಅಂದರು. ಇನ್ನೊಬ್ಬರು ಹಿತ್ತಾಳೆ ಬುಷ್ ಮಾಡಿಸಿ, ಜನ್ಮದಲ್ಲಿ ಸವೆಯಲ್ಲ ಅಂದರು.

ಪೀಣ್ಯ ಲೇತ್

ಮೊಟ್ಟೆ ತೂತಿಗೆ ಹೊಸ ಬುಷ್ ಹಾಕಬೇಡಿ. ಬುಷ್ ಎರಡು ಕಡೆ ಮಾತ್ರ ಒತ್ತಿ ಕೂರುತ್ತದೆ, ಉಳಿದ ಎರಡು ಕಡೆ ಖಾಲಿ. ಗೇರ್ ಹಾಕುವ ಒಂದೊಂದು ಎಳೆತಕ್ಕೂ ಅದು ಬಾಗಿ ಬಾಗಿ ಬೇಗ ಸೀಳುತ್ತದೆ. ಸೈಕಲ್ ಟ್ಯೂಬ್ ಸುತ್ತಿದರೆ ಲಿವರ್ ನಾಲ್ಕು ದಿನ ಗಟ್ಟಿ ಅನಿಸಬಹುದು. ಆದರೆ ಆ ರಬ್ಬರ್ ಮೆತ್ತಗೆ, ಎಳೆದಾಗ ಒಳಗೇ ಹಿಗ್ಗುತ್ತದೆ. ಅಂದರೆ ನಿಮ್ಮ ಎಳೆತ ಮತ್ತೆ ಬಾಕ್ಸಿಗೆ ಪೂರ್ತಿ ಮುಟ್ಟೋದಿಲ್ಲ. ಗ್ರೀಸ್ ತಾಗಿದರೆ ಉಬ್ಬಿ ಹರಿಯುತ್ತದೆ ಬೇರೆ. ನಿಮಗೆ ಗೇರ್ ಔಟ್ ಆಗುವ ತೊಂದರೆ ಇದೆ, ಹಾಗಾಗಿ ಇದಂತೂ ಬೇಡವೇ ಬೇಡ.

ದಾರಿ ಮೂರಿದೆ. ಗುಜರಿಯಲ್ಲಿ ಚೆನ್ನಾಗಿರುವ ರಾಡ್ ಸಿಕ್ಕರೆ ತಗೊಳ್ಳಿ, ಬೆಂಗಳೂರಿಗೆ ಬರುವವರಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಿಸಿ. ಆದರೆ ಹಳೇ ರಾಡಿನ ತೂತೂ ಸವೆದಿರಬಹುದು, ಬೋಲ್ಟ್ ಹಾಕಿ ನೋಡಿಯೇ ದುಡ್ಡು ಕೊಡಿ. ಎರಡನೇದು, ತೂತಿಗೆ ವೆಲ್ಡಿಂಗ್ ತುಂಬಿ ಮತ್ತೆ ಕೊರೆಯೋದು. ಆಗುತ್ತದೆ, ಆದರೆ ವೆಲ್ಡ್ ಮಾಡಿದ ಜಾಗ ಗಟ್ಟಿಯಾಗಿ ಡ್ರಿಲ್ ಪಕ್ಕಕ್ಕೆ ಜಾರುತ್ತದೆ, ತೂತು ಸೊಟ್ಟ ಆಗುವ ಸಾಧ್ಯತೆ ಜಾಸ್ತಿ. ನಾನು ಮಾಡೋದು ಮೂರನೇದು. ತೂತನ್ನು ಸವೆತ ಪೂರ್ತಿ ಹೋಗುವಷ್ಟು ದೊಡ್ಡದಾಗಿ ದುಂಡಗೆ ಬೋರ್ ಮಾಡಿ, ಒಳಗೆ ಒಂದು ಉಕ್ಕಿನ ಸ್ಲೀವ್, ಅಂದರೆ ಗಿಡ್ಡ ಕೊಳವೆ, ಒತ್ತಿ ಕೂರಿಸಿ, ಸ್ಲೀವಿನ ಒಳ ಅಳತೆ ಕಂಪನಿ ಬುಷ್‌ಗೆ ಸರಿಯಾಗಿ ಬಿಡೋದು. ಆಮೇಲೆ ಅಂಗಡಿಯ ಸಾಮಾನ್ಯ ಬುಷ್ ಹಾಕಬಹುದು, ಮುಂದೆ ಸವೆದರೂ ಬದಲಿಸೋದು ಸುಲಭ. ತೂತಿನ ಸುತ್ತ ಲೋಹ ಸಾಕಷ್ಟು ಉಳಿಯುತ್ತದಾ ಅಂತ ಮೊದಲು ನೋಡಿಕೊಳ್ಳಬೇಕು. ತೆಳ್ಳಗಾದರೆ ಬೇರೆ ರಾಡೇ ಗತಿ.

ವೆಲ್ಡಿಂಗ್ ಮಾಡಿಸುವುದಾದರೆ ರಾಡ್ ಬಿಚ್ಚಿ ತಂದು ಮಾಡಿಸಿ. ಗಾಡಿಯಲ್ಲೇ ಇಟ್ಟು ಬೇಡ. ಬಿಸಿಗೆ ಉಳಿದ ಬುಷ್ ಕರಗುತ್ತದೆ, ನಿಮ್ಮದು ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿ, ಬ್ಯಾಟರಿ ತೆಗೆಯದೆ ವೆಲ್ಡ್ ಮಾಡಿದರೆ ಆ ಕಂಪ್ಯೂಟರಿಗೂ, ಅಂದರೆ ಇಸಿಎಂಗೂ, ಕುತ್ತು.

ಹಿತ್ತಾಳೆ ಬಗ್ಗೆ. ಮಾಡಿಕೊಡಿ ಅಂತ ಕೇಳಿಕೊಂಡು ಬರುವವರು ತುಂಬಾ ಜನ. ನಾನು ಬೇಡ ಅಂತಲೇ ಹೇಳುತ್ತೇನೆ. ನೈಲಾನ್ ಹಾಕಿರೋದು ಕಾಸು ಉಳಿಸೋಕೆ ಮಾತ್ರ ಅಲ್ಲ. ಎಂಜಿನ್ನಿನ ನಡುಕವನ್ನು ಅದು ತಡೆಯುತ್ತದೆ, ಗ್ರೀಸ್ ಒಣಗಿದರೂ ಸ್ವಲ್ಪ ಕಾಲ ಜಾರುತ್ತದೆ, ಕೊನೆಗೆ ತಾನು ಸವೆದು ಬೋಲ್ಟನ್ನೂ ರಾಡನ್ನೂ ಉಳಿಸುತ್ತದೆ. ಗಾಡಿಯ ಹೊಟ್ಟೆಯ ಕೆಳಗೆ, ಮಣ್ಣು ಮರಳು ಹಾರುವ ಕಡೆ ಹಿತ್ತಾಳೆ ಇಟ್ಟರೆ ಮರಳಿನ ಕಣ ಅದರೊಳಗೆ ಕಚ್ಚಿಕೊಂಡು ಅರದ ಹಾಗೆ ಬೋಲ್ಟನ್ನು ತಿನ್ನುತ್ತದೆ.

ಇನ್ನು ಮಲೆನಾಡಿನವರಿಗೆ ಒಂದು ಮಾತು. ಲೇತ್‌ನಲ್ಲಿ ನೈಲಾನ್ ರಾಡಿನಿಂದ ಬುಷ್ ಮಾಡಿಸುವುದಿದ್ದರೆ ತೀರಾ ಬಿಗಿಯಾಗಿ ಮಾಡಿಸಬೇಡಿ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಸರಿ ಇದ್ದ ಲಿವರ್ ಮಳೆಗಾಲದಲ್ಲಿ ಗಟ್ಟಿ ಹಿಡಿಯುತ್ತದೆ. ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕೇಳಿ, ಅದು ನೀರು ಹೀರೋದು ತುಂಬಾ ಕಡಿಮೆ, ಲೇತ್‌ನಲ್ಲೂ ಚೆನ್ನಾಗಿ ಕತ್ತರಿಸುತ್ತದೆ.

ರಾಯಚೂರು ಡ್ರೈವರ್

ಹಿತ್ತಾಳೆ ಬೇಡ ಅಂದಿದ್ದಕ್ಕೆ ನನ್ನ ಅಡ್ಡಿ ಇದೆ ಅಣ್ಣ. ನನ್ನ 800ಗೆ ಹಿತ್ತಾಳೆ ಬುಷ್ ಹಾಕಿಸಿ ವರ್ಷಗಳಾದವು, ಗೇರ್ ಬೀಳೋದು ಹೊಸ ಗಾಡಿಗಿಂತ ಚೆನ್ನಾಗಿದೆ. ಟಕ್ ಅಂದರೆ ಟಕ್. ಲಿವರ್ ಸ್ವಲ್ಪ ಗುಂಯ್ ಅನ್ನುತ್ತೆ, ಅದು ಒಪ್ಪುತ್ತೇನೆ.

ಪೀಣ್ಯ ಲೇತ್

ರಾಯಚೂರಿನ ಒಣ ಹವೆಯಲ್ಲಿ, ನೀವು ಸರಿಯಾಗಿ ಗ್ರೀಸ್ ಮಾಡುತ್ತಿದ್ದರೆ ಬಂದಿರುತ್ತದೆ, ಇಲ್ಲ ಅನ್ನೋದಿಲ್ಲ. ಒಂದು ಸಲ ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಹಿಡಿದು ನೋಡಿ. ಬೋಲ್ಟ್ ಸವೆದಿಲ್ಲ ಅಂದರೆ ಹಾಗೇ ಮುಂದುವರಿಸಿ. ಹೊಸನಗರದ ಮಳೆ, ಕೆಸರಿಗೆ ನಾನಂತೂ ಹೇಳೋದಿಲ್ಲ.

ತೀರ್ಥಹಳ್ಳಿ ರೋಡು

ಸ್ಲೀವ್ ಮಾಡಿಸೋದೇ ಸರಿ. ಜೋಡಿಸುವಾಗ ಈ ಕೆಲವು ವಿಷಯ ನೋಡಿಕೊಳ್ಳಿ.

ಬಾಕ್ಸಿನ ಕಡೆಯ ಜಾಯಿಂಟ್ ಬಿಚ್ಚುವ ಮೊದಲು ರಾಡ್ ಮೇಲೂ ಶಾಫ್ಟ್ ಮೇಲೂ ಒಂದೇ ಗೆರೆ ಬರುವ ಹಾಗೆ ಪೇಂಟ್ ಗುರುತು ಹಾಕಿ, ಮೊಬೈಲ್‌ನಲ್ಲಿ ಎರಡು ಮೂರು ಕಡೆಯಿಂದ ಫೋಟೋ ತೆಗೆದಿಡಿ. ವಾಷರ್ ಯಾವ ಕಡೆ ಇತ್ತು, ಬೋಲ್ಟ್ ಯಾವ ಕಡೆಯಿಂದ ಬಂದಿತ್ತು ಅನ್ನೋದು ಸಂಜೆ ಹೊತ್ತಿಗೆ ನೆನಪಿರೋದಿಲ್ಲ. ಗುರುತು ತಪ್ಪಿ ಜೋಡಿಸಿದರೆ ಒಂದು ಕಡೆಯ ಗೇರ್ ಪೂರ್ತಿ ಬೀಳುತ್ತದೆ, ಇನ್ನೊಂದು ಕಡೆಯದು ಅರ್ಧ ಬೀಳುತ್ತದೆ.

ಕಿಟ್‌ನಲ್ಲಿ ಬುಷ್ ಒಳಗೆ ಹೋಗುವ ಒಂದು ಸಣ್ಣ ಉಕ್ಕಿನ ಕೊಳವೆ ಕೊಟ್ಟಿದ್ದರೆ ಅದನ್ನು ಬಿಡಬೇಡಿ. ಬೋಲ್ಟ್ ಬಿಗಿದಾಗ ಒತ್ತಡವೆಲ್ಲ ಆ ಕೊಳವೆಯ ಮೇಲೆ ಬೀಳಬೇಕು, ಬುಷ್ ಮಾತ್ರ ಅದರ ಸುತ್ತ ಸಲೀಸಾಗಿ ತಿರುಗಬೇಕು. ಕೊಳವೆ ಇಲ್ಲದೆ ಬಿಗಿದರೆ ಲಿವರ್ ಹಿಡಿಯುತ್ತದೆ, ಹಿಡಿಯುತ್ತದೆ ಅಂತ ಬೋಲ್ಟ್ ಸಡಿಲ ಬಿಟ್ಟರೆ ನಟ್ ಬಿಚ್ಚಿ ಬೀಳುತ್ತದೆ. ನಿಮ್ಮ ನಟ್ ಕೈಯಲ್ಲೇ ತಿರುಗಿದ್ದು ನೋಡಿದರೆ ಹಿಂದೆ ಯಾರೋ ಹಾಗೇ ಮಾಡಿದ್ದಾರೆ ಅನಿಸುತ್ತದೆ. ಹಳೇ ಬೋಲ್ಟ್ ಮತ್ತೆ ಹಾಕಬೇಡಿ, ಹೊಸ ಬೋಲ್ಟ್, ಹೊಸ ನೈಲಾಕ್ ನಟ್ (ಸಡಿಲ ಆಗದ ಹಾಗೆ ಒಳಗೆ ನೈಲಾನ್ ಬಳೆ ಇರುವ ನಟ್).

ಗ್ರೀಸ್ ವಿಷಯಕ್ಕೆ ಬಂದರೆ ನೈಲಾನ್ ಜಾಗಕ್ಕೆ ಲಿಥಿಯಂ ಗ್ರೀಸ್ ಸಾಕು. ರಬ್ಬರ್ ಬೂಟ್, ರಬ್ಬರ್ ಬುಷ್ ಇರುವ ಕಡೆ ಸಿಲಿಕೋನ್ ಗ್ರೀಸ್ ಹಾಕಿ. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಕೆಲವರಿಗಿದೆ, ರಬ್ಬರ್ ಹಾಳಾಗೋದೇ ಅದರಿಂದ. ಲಿವರ್ ಬುಡದ ರಬ್ಬರ್ ಬೂಟ್ ಹರಿದಿದ್ದರೆ ಅದನ್ನೂ ಬದಲಿಸಿ. ಅದು ಬರೀ ಅಂದಕ್ಕಲ್ಲ, ನೀರು ಮಣ್ಣು ಗುಂಡಿನ ಸೀಟಿಗೆ ಇಳಿಯದ ಹಾಗೆ ತಡೆಯೋದು ಅದೇ. ಸ್ಪ್ಯಾನರ್ 10, 12, 14 ಇದ್ದರೆ ಹೆಚ್ಚಿನ ಕೆಲಸ ಆಗುತ್ತದೆ.

ಆಮೇಲೆ, ಗಾಡಿ ಓಡಿಸುವಾಗ ಎಡಗೈ ಲಿವರ್ ಮೇಲೇ ಇಟ್ಟುಕೊಂಡು ಕೂರುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ. ಕೈಯ ಭಾರ ರಾಡಿನ ಮೂಲಕ ಬಾಕ್ಸಿನೊಳಗೆ ಸ್ಲೀವನ್ನು ಸರಿಸುವ ಫೋರ್ಕ್ ಮೇಲೆ ಬೀಳುತ್ತದೆ, ಫೋರ್ಕು ತಿರುಗುತ್ತಿರುವ ಸ್ಲೀವಿಗೆ ಸದಾ ಉಜ್ಜುತ್ತಾ ಇರುತ್ತದೆ. ಗೇರ್ ಹಾಕಿ, ಕೈ ಸ್ಟೇರಿಂಗ್‌ಗೆ ವಾಪಸ್.

ಹೊಸನಗರ_800

ಕೆಲಸ ಮುಗಿಯಿತು! ರಾಡ್ ಬಿಚ್ಚಿ ಶಿವಮೊಗ್ಗದಲ್ಲಿ ಲೇತ್‌ಗೆ ಕೊಟ್ಟೆ. ಪೀಣ್ಯದವರು ಬರೆದಿದ್ದನ್ನೇ ಓದಿ ತೋರಿಸಿದೆ, ಅವರು ಹಾಗೇ ಸ್ಲೀವ್ ಹಾಕಿಕೊಟ್ಟರು. ಬುಷ್ ಕಿಟ್, ಎಕ್ಸ್‌ಟೆನ್ಷನ್ ರಾಡಿನ ರಬ್ಬರ್, ಬೂಟ್, ಹೊಸ ಬೋಲ್ಟ್ ನಟ್ ಎಲ್ಲ ಅಲ್ಲೇ ಸಿಕ್ಕಿತು. ಅಂಗಡಿಯವರು ಮೊದಲು ಕೊಟ್ಟಿದ್ದು ಆಮ್ನಿ ಕಿಟ್ಟೇ, ಧಾರವಾಡದವರಿಗೆ ದೊಡ್ಡ ನಮಸ್ಕಾರ. ಎಲ್ಲ ಸೇರಿಸಿ ಗ್ಯಾರೇಜಿನವರು ಹೇಳಿದ ಹತ್ತು ಸಾವಿರದ ಹತ್ತಿರವೂ ಹೋಗಲಿಲ್ಲ.

ಜೋಡಿಸುವಾಗ ಕಷ್ಟ ಆಗಿದ್ದು ಮುಂದಿನ ಜಾಯಿಂಟ್ ಒಂದೇ. ಅಲ್ಲಿ ಕೈ ಹೋಗುವಷ್ಟು ಜಾಗವೇ ಇಲ್ಲ, ಬೋಲ್ಟ್ ತೂತಿಗೆ ನೇರ ಬರುವಂತೆ ಭಾವ ಒಳಗಿಂದ ಲಿವರನ್ನು ಕೂದಲೆಳೆಯಷ್ಟು ಸರಿಸುತ್ತಾ ಇರಬೇಕಾಯಿತು. ಕೂತ ಮೇಲೆ ಲಿವರ್ ನೆಟ್ಟಗೆ ನಿಂತಿದೆ. ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಳ್ಳಿ ಬಿಟ್ಟರೆ ತಾನೇ ಮಧ್ಯಕ್ಕೆ ಬರುತ್ತದೆ. ಈ ಗಾಡಿಯಲ್ಲಿ ಹಾಗೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಂದು ಮೂರು ಅದಲುಬದಲು ಆಗೋದು ನಿಂತಿದೆ. ಮೊದಲು ಊರ ಪಕ್ಕದ ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿ ಕಾಲು ಬಿಟ್ಟು ಬಿಟ್ಟು ನೋಡಿದೆ, ಔಟ್ ಆಗಲಿಲ್ಲ. ಆಮೇಲೆ ಒಬ್ಬನೇ ಹುಲಿಕಲ್ ಇಳಿದು ಹತ್ತಿ ಬಂದೆ. ಒಂದು ಸಲವೂ ಔಟ್ ಆಗಲಿಲ್ಲ.

ಒಂದು ಮಾತ್ರ ಉಳಿದಿದೆ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಮೂರರಿಂದ ಎರಡಕ್ಕೆ ಹಾಕಿದರೆ ಕರ್ ಅನ್ನುತ್ತದೆ. ಸ್ವಲ್ಪ ಓಡಿದ ಮೇಲೆ ಕಡಿಮೆ ಆಗುತ್ತದೆ. ಇದು ಮೊದಲೂ ಇತ್ತು, ಲೂಸ್ ಇದ್ದದ್ದರಿಂದ ಗಮನಕ್ಕೆ ಬಂದಿರಲಿಲ್ಲ. ಇದಕ್ಕೂ ರಾಡಿಗೂ ಸಂಬಂಧ ಇದೆಯಾ?

ಧಾರವಾಡ ಗ್ಯಾರೇಜ್

ಭಾಳ ಚಲೋ ಆತ್ರಿ, ಓದಿ ಖುಷಿ ಆಯ್ತು. ಕರ್ ಅನ್ನೋದು ರಾಡಿನದಲ್ಲ. ಕ್ಲಚ್ಚೋ, ಆಯಿಲ್ಲೋ, ಒಳಗಿನ ಸಿಂಕ್ರೊ ರಿಂಗೋ (ಗೇರ್ ಸೇರುವ ಮೊದಲು ಎರಡರ ವೇಗ ಸಮ ಮಾಡುವ ಬಳೆ) ನೋಡಬೇಕು.

ಮೊದಲು ಕ್ಲಚ್. ಗಾಡಿ ನಿಂತಿರಲಿ, ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಮೂರು ನಾಲ್ಕು ಸೆಕೆಂಡ್ ಸುಮ್ಮನಿರಿ, ಆಮೇಲೆ ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ, ಹಾಗಾಗಿ ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ ಅಂದರೆ ಕರ್ ಅಂತ ಹೇಳಿಬಿಡುತ್ತದೆ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಿದೆ. ಸದ್ದು ಬಂದರೆ ಕೇಬಲ್ ಅಡ್ಜಸ್ಟ್‌ಮೆಂಟ್ ನೋಡಿ. ಅದಕ್ಕೂ ಮೊದಲು ಕ್ಲಚ್ ಪೆಡಲ್ ಕೆಳಗಿನ ಮ್ಯಾಟ್ ತೆಗೆದು ನೋಡಿ. ಮಳೆಗಾಲ ಅಂತ ಮ್ಯಾಟ್ ಮೇಲೆ ಮ್ಯಾಟ್ ಹಾಕಿರುತ್ತಾರೆ, ಪೆಡಲ್ ಕೊನೆವರೆಗೂ ಹೋಗೋದೇ ಇಲ್ಲ.

ಹೊಸನಗರ_800

ಮ್ಯಾಟ್ ಒಂದೇ ಇದೆ. ರಿವರ್ಸ್ ನೀವು ಹೇಳಿದ ಹಾಗೆ ಹಾಕಿ ನೋಡಿದೆ, ಸದ್ದಿಲ್ಲ. ಗೇರ್ ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಅಪ್ಪನಿಗೂ ನೆನಪಿಲ್ಲ.

ಧಾರವಾಡ ಗ್ಯಾರೇಜ್

ಹಾಗಾದರೆ ಆಯಿಲ್ ಬದಲಿಸಿ, ಅದಕ್ಕೇ ಅರ್ಧ ಸರಿಹೋಗಬಹುದು. ಡಬ್ಬದ ಮೇಲೆ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತ ಇರಬೇಕು, ಗ್ರೇಡ್ (ಎಷ್ಟು ಮಂದ ಅನ್ನೋದು) 75ಡಬ್ಲ್ಯೂ-90 ಇಲ್ಲ 80ಡಬ್ಲ್ಯೂ-90. ಜಾಸ್ತಿ ನಂಬರ್ ಒಳ್ಳೇದು ಅಂತ ಜಿಎಲ್-5 ಕೊಟ್ಟರೆ ಬೇಡ ಅನ್ನಿ. ಅದರಲ್ಲಿರುವ ಗಂಧಕದ ಅಂಶ ಜಾಸ್ತಿ, ಹಿತ್ತಾಳೆ ಸಿಂಕ್ರೊ ರಿಂಗ್‌ಗೆ ಒಳ್ಳೆಯದಲ್ಲ.

ಆಯಿಲ್ ಬದಲಿಸಿದ ಮೇಲೂ ಕರ್ ಅಂದರೆ ಎರಡನೇ ಗೇರಿನ ರಿಂಗ್ ಸವೆದಿದೆ ಅಂತ ತಿಳಿಯಿರಿ. ಅದಕ್ಕೂ ತಕ್ಷಣ ಬಾಕ್ಸ್ ಇಳಿಸಬೇಕಾಗಿಲ್ಲ. ಬೆಳಗ್ಗೆ ಹೊತ್ತು ಎರಡಕ್ಕೆ ಇಳಿಸುವಾಗ ಹಳೇ ಲಾರಿ ಡ್ರೈವರ್‌ಗಳ ಹಾಗೆ ಡಬಲ್ ಕ್ಲಚ್ ಮಾಡಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲೇಟರ್ ಸ್ವಲ್ಪ ಕೊಡಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಸದ್ದಿಲ್ಲದೆ ಬೀಳುತ್ತದೆ. ಔಟ್ ಆಗೋದು ಮತ್ತೆ ಶುರುವಾದರೆ ಮಾತ್ರ ಬಾಕ್ಸ್ ಬಿಚ್ಚಿಸಿ.

ಆಯಿಲ್ ಬದಲಿಸುವಾಗ ಗಾಡಿ ಸ್ವಲ್ಪ ಓಡಿಸಿ ಬಾಕ್ಸ್ ಬೆಚ್ಚಗೆ ಮಾಡಿಕೊಳ್ಳಿ. ಮೇಲಿನ ಫಿಲ್ಲರ್ ಬೋಲ್ಟನ್ನೇ ಮೊದಲು ಬಿಚ್ಚಿ, ಅದು ಬಿಚ್ಚಿತು ಅಂತ ಖಾತ್ರಿ ಆದ ಮೇಲೆ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಕೆಳಗಿಂದ ಎಲ್ಲ ಇಳಿಸಿಬಿಟ್ಟು ಫಿಲ್ಲರ್ ಬಿಚ್ಚದೆ ಹೋದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ತುಂಬುವಾಗ ಗಾಡಿ ಸಮತಟ್ಟಾಗಿರಲಿ, ಫಿಲ್ಲರ್ ತೂತಿನಿಂದ ಆಯಿಲ್ ಹೊರಗೆ ತೊಟ್ಟಿಕ್ಕಲು ಶುರುವಾದಾಗ ನಿಲ್ಲಿಸಿ, ಹೊಸ ವಾಷರ್ ಹಾಕಿ ಬಿಗಿಯಿರಿ.